ಮೂರನೇ ವರ್ಷದ ಮಣ್ಣು

ಆ ಊರಲ್ಲಿ ಹೂಳಿದವರೆಲ್ಲ ಒಂದೊಂದು ಮರವಾಗಿ ಏಳುತ್ತಿದ್ದರು. ಯಾವ ಮರ ಎಂಬುದು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ದೊಡ್ಡ ದಾನಿ ವಿರೂಪಾಕ್ಷಪ್ಪ ನೀಲಗಿರಿಯಾಗಿ ಎದ್ದಿದ್ದರು. ಯಾರಿಗೂ ಒಂದು ಕಡ್ಡಿಪೆಟ್ಟಿಗೆ ಕೊಟ್ಟವನಲ್ಲ ಎಂದು ಊರೇ ಆಡಿಕೊಳ್ಳುತ್ತಿದ್ದ ಅವರ ಸಿಡುಕ ತಮ್ಮ ಗುರುಸಿದ್ದಪ್ಪ ಹೊಂಗೆಯಾಗಿದ್ದ.

ಊರಲ್ಲಿ ಹೆಸರಿನ ಕಲ್ಲು ಇರುವವರ ಮರದ ಬುಡದ ಮಣ್ಣನ್ನು ಹೂಳಿದ ಮೂರನೇ ವರ್ಷ ಪರೀಕ್ಷೆಗೆ ಕೊಡಬೇಕಿತ್ತು. ಸಾರಜನಕ ಕಡಿಮೆ ಬಂದರೆ ಕಲ್ಲು ಕೀಳುತ್ತಿದ್ದರು. ದಾನಿಯ ಹೆಂಡತಿ ಶಿವಬಸವ್ವನಿಗೆ ಅದೇ ಚಿಂತೆ. ವಾಚನಾಲಯ, ಬಸ್ ನಿಲ್ದಾಣ, ನೀರಿನ ಟಾಕಿ, ಎಲ್ಲೆಲ್ಲೂ ಗಂಡನ ಹೆಸರಿತ್ತು; ಗಂಡನ ಬುಡದಲ್ಲಿ ಮಾತ್ರ ಗರಿಕೆಯೂ ಚಿಗುರಿರಲಿಲ್ಲ.

ಹಾಗಾಗಿ ಆ ಬೆಳಿಗ್ಗೆ ಅವಳು ಚೀಲ ಹಿಡಿದು ಮೈದುನನ ಹೊಂಗೆಯ ನೆರಳಿಗೆ ಬಂದಳು. ಮಣ್ಣು ಕಪ್ಪಗೆ, ಮೆತ್ತಗಿತ್ತು. ಎರಡು ಬೊಗಸೆ ತುಂಬುವಷ್ಟರಲ್ಲಿ ಗುರುಸಿದ್ದಪ್ಪನ ಹೆಂಡತಿ, ನೆಗೆಣ್ಣಿ ಬಸಲಿಂಗವ್ವ ಮುಂದೆ ನಿಂತಿದ್ದಳು.

“ಅಕ್ಕಾ, ಭಾವನವರ ಗಿಡ ಆ ಕಡೆ ಐತಲ್ರಿ?”

ಶಿವಬಸವ್ವನ ಮುಖ ಸಣ್ಣದಾಯಿತು. “ನಿನಗ ಕೈ ಮುಗೀತೀನಿ ತಂಗಿ, ಯಾರ ಮುಂದೂ ಬಾಯಿ ಬಿಡಬ್ಯಾಡ. ಅವರ ಮರ್ಯಾದಿ ಹೊಕ್ಕೈತಿ.”

“ನಾ ಯಾಕ ಹೇಳ್ಲಿ? ನಮ್ಮವರಿಗೆ ಎಲ್ಲೂ ಕಲ್ಲಿಲ್ಲ, ಪರೀಕ್ಷಾನೂ ಇಲ್ಲ. ಒಯ್ರಿ. ಆದ್ರ ಲಗೂನ ತುಂಬ್ಕೊರಿ” ಎಂದು ಬಸಲಿಂಗವ್ವ ಹಿಂದಕ್ಕೆ ಕೈ ತೋರಿಸಿದಳು.

ಬೇಲಿಯಾಚೆ ಗೌಡರ ಸೊಸೆ, ಹೆಡ್‌ಮಾಸ್ತರರ ಮಗಳು, ಮಾಜಿ ಅಧ್ಯಕ್ಷರ ಹೆಂಡತಿ ಚೀಲ ಹಿಡಿದು ಸಾಲಾಗಿ ನಿಂತಿದ್ದರು.

“ನಮ್ಮವರು ಇದ್ದಾಗ ನೋಡ್ರಿ ಅಕ್ಕಾ, ಒಂದು ಕಡ್ಡಿಪೆಟ್ಟಿಗಿ ಕೇಳಾಕೂ ಒಬ್ರು ಬರಲಿಲ್ಲ.”