ಮೂರು ಬೆರಳಿನ ಗುರುತು

ಬುಟ್ಟಿಯ ತಳದಲ್ಲಿ ಉಳಿದಿದ್ದ ಕೊನೆಯ ಖಡಕ್ ರೊಟ್ಟಿಯನ್ನು ಕೋಮಲಾ ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಮೂರು ಬೆರಳಿನ ಗುರುತು, ನಡುವೆ ಒಂದು ಖಾಲಿ ಜಾಗ. ಜೋಳ ಕೊಯ್ಯುವಾಗ ಅಜ್ಜಿ ಗಾಳೆಮ್ಮನ ನಡುಬೆರಳಿನ ತುದಿ ಕುಡುಗೋಲಿಗೆ ಸಿಕ್ಕು ತುಂಡಾಗಿತ್ತು. ಆ ಗುರುತು ಕಂಡರೆ ಸಾಕು, ಹೊಸಹಳ್ಳಿಯ ಆ ಮನೆಯಲ್ಲಿ ಇದು ಯಾರು ಬಡಿದ ರೊಟ್ಟಿ ಎಂದು ಯಾರೂ ಕೇಳುತ್ತಿರಲಿಲ್ಲ.

ಅಜ್ಜಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಕೂಡ್ಲಿಗಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಕೋಮಲಾ ರೊಟ್ಟಿಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಇಟ್ಟಳು. ಹೀಗಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ ಎಂಬುದು ಅವಳ ಲೆಕ್ಕ.

"ಲ್ಯಾಬಿನಾಗ ಸತ್ತ ಕಪ್ಪೆ ಇಟ್ಟಂಗ ಇಡ್ತೀ ಏನವಾ ನಮ್ಮವ್ವನ ರೊಟ್ಟಿ?" ಸೋದರಮಾವ ಭೀಮರಾಜ ನಕ್ಕ.

ಕೋಮಲಾ ನಗಲಿಲ್ಲ. "ಇದೊಂದ ಉಳಿದೈತಿ, ಮಾವ."

ಅವಳ ತಾಯಿ ಹನುಮಕ್ಕ ಬಂದು ಡಬ್ಬಿಯ ಮುಚ್ಚಳ ತೆಗೆದಳು. "ಕೋಮಲಾ ರಜಾಕ್ಕ ಬರ್ತಾಳ ಅಂತ ಜ್ವರದಾಗ ಕುಂತು ಬಡದಾಳ ನಮ್ಮವ್ವ. ನೀನು ಪೇಪರ್ ತಿದ್ದೋದೈತಿ ಅಂತ ಬರಲಿಲ್ಲ. ಆಕಿ ಬಡದಿದ್ದು ನೀ ತಿನ್ನಾಕ, ನೋಡಾಕಲ್ಲ."

ಕೋಮಲಾ ತನ್ನ ನಡುಬೆರಳನ್ನು ಆ ಖಾಲಿ ಜಾಗದ ಮೇಲಿಟ್ಟಳು. ಅಲ್ಲಿಂದಲೇ ರೊಟ್ಟಿಯನ್ನು ಮುರಿದಳು. ಮಾವನಿಗೊಂದು, ಅವ್ವನಿಗೊಂದು ತುಂಡು ಕೊಟ್ಟು ಒಲೆಯ ಮುಂದೆ, ಚಿಕ್ಕಂದಿನಲ್ಲಿ ಅಜ್ಜಿಯ ಎದುರು ಕೂರುತ್ತಿದ್ದ ಜಾಗದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

"ಶೇಂಗಾ ಚಟ್ನಿ ಎಲ್ಲೈತವ್ವಾ?"