ಅವ್ವ ಬಚ್ಚಿಟ್ಟ ಚಪ್ಪಲಿ

ಸಂಜೆ ಐದಕ್ಕೆ ಕಾಲೇಜು ಪ್ರವೇಶದ ವೆಬ್‌ಸೈಟ್ ಮುಚ್ಚಲಿತ್ತು...

ಗದಗಿನ ಬಸ್ ನಿಲ್ದಾಣದ ಹಿಂದಿನ ಸೈಬರ್ ಸೆಂಟರಿನಲ್ಲಿ ಶಾಂಭವಿ ಬರಿಗಾಲಿನಲ್ಲಿ ಕುಳಿತಿದ್ದಳು.

ಪರದೆಯ ಮೇಲೆ ಎರಡು ವಿಶ್ವವಿದ್ಯಾಲಯಗಳ ಹೆಸರು. ಎರಡರಲ್ಲೂ ಮನಶ್ಶಾಸ್ತ್ರದ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಉಳಿಸಿಕೊಳ್ಳಬೇಕಾದದ್ದು ಒಂದನ್ನು ಮಾತ್ರ.

ಮೊದಲನೆಯದು ರಾಜ್ಯದ ಇನ್ನೊಂದು ತುದಿಯಲ್ಲಿ. ಅಲ್ಲಿ ಆಸ್ಪತ್ರೆಯಲ್ಲೇ ತರಬೇತಿ. ಆಘಾತದಿಂದ ಮಾತು ಕಳೆದುಕೊಂಡವರ ಪಕ್ಕದಲ್ಲಿ ಕುಳಿತು ಕಲಿಯುವ ಅವಕಾಶ.

ಎರಡನೆಯದರ ಕೇಂದ್ರ ಊರಲ್ಲೇ ಇತ್ತು. ಅಲ್ಲಿ ಪುಸ್ತಕಗಳಿದ್ದವು... ರೋಗಿಗಳಿರಲಿಲ್ಲ.

ಸೆಂಟರಿನ ಮಕ್ತುಮ್‌ಸಾಬರು ಅವಳ ಪಾದಗಳನ್ನು ನೋಡಿ, ಈ ಬಿಸಿಲಿನಲ್ಲಿ ಬರಿಗಾಲೇ, ಹರಕೆಗಿರಕೆ ಹೊತ್ತಿದ್ದೀಯೇನು ಎಂದು ತಮಾಷೆ ಮಾಡಿದರು. ಅವಳು ನಗಲಿಲ್ಲ.

ಅವರ ದನಿ ಮೆತ್ತಗಾಯಿತು. "ಒಮ್ಮೆ ಒತ್ತಿದ್ರ ಮುಗೀತು ತಂಗಿ, ಬದಲಿ ಮಾಡಾಕ ಬರಂಗಿಲ್ಲ. ಯಾವ್ದು ಒತ್ತಲಿ?"

ಶಾಂಭವಿ ಎರಡೂ ಹೆಸರುಗಳನ್ನು ಮತ್ತೆ ಓದಿದಳು...

ಎರಡು ವರ್ಷಗಳ ಹಿಂದೆ ಅವಳ ಅಣ್ಣ ಸಂಗಮೇಶ ಅವ್ವನೊಡನೆ ಜಗಳವಾಡಿ ಬೈಕ್ ಏರಿದ್ದ. ಆ ಸಿಟ್ಟಿನಲ್ಲಿ ಅವ್ವ ಒಂದೇ ಮಾತು ಆಡಿದ್ದಳು: "ಹೋಗು."

ಹೊಸ್ತಿಲು ದಾಟುವವರಿಗೆ ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ. 'ಹೋಗಿ ಬಾ' ಎನ್ನಬೇಕು. ವೈರಿಗೂ ಹಾಗೆಯೇ ಎನ್ನುತ್ತೇವೆ.

ಸಂಗಮೇಶ ಬರಲಿಲ್ಲ. ಹೆದ್ದಾರಿಯಿಂದ ಅವನ ದೇಹ ಬಂತು...

ಅಂದಿನಿಂದ ಅವ್ವ ಮಾತೇ ಆಡಿರಲಿಲ್ಲ. ಗಂಟಲಿಗೆ ಏನೂ ಆಗಿಲ್ಲವೆಂದರು ವೈದ್ಯರು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು ಬಂಧುಗಳು. ಶಾಂಭವಿ ಮಾತ್ರ ಮನಶ್ಶಾಸ್ತ್ರದ ಪುಸ್ತಕ ಹಿಡಿದಳು.

ಅವ್ವ ಉಣ್ಣುತ್ತಿದ್ದುದು ಅವಳ ಕೈತುತ್ತನ್ನು ಮಾತ್ರ. ಹೊಸ್ತಿಲು ದಾಟುತ್ತಿರಲಿಲ್ಲ. ಮನೆಯವರು ಯಾರೇ ಹೊರಟರೂ ಸದ್ದಿಲ್ಲದೆ ಅವರ ಚಪ್ಪಲಿ ಬಚ್ಚಿಡುತ್ತಿದ್ದಳು... ಒಮ್ಮೆ ಅಕ್ಕಿ ಡಬ್ಬಿಯ ಹಿಂದೆ, ಒಮ್ಮೆ ಹಾಸಿಗೆಯ ಸುರುಳಿಯೊಳಗೆ.

ಇಂದು ಮಧ್ಯಾಹ್ನವೂ ಚಪ್ಪಲಿ ಇರಲಿಲ್ಲ. ಹುಡುಕಿ ಹುಡುಕಿ ಸೋತ ಶಾಂಭವಿ ಮೊದಲ ಬಾರಿಗೆ ಸಿಡಿದಿದ್ದಳು. ಬಚ್ಚಿಟ್ಟುಕೋ, ನಾನು ಎಲ್ಲಿಗೂ ಹೋಗುವುದಿಲ್ಲ, ಸೈಬರ್‌ಗೆ ಹೋಗಿ ಊರಿನದನ್ನೇ ಒತ್ತಿ ಬರುತ್ತೇನೆ ಎಂದು ಅತ್ತು, ಕಾದ ರಸ್ತೆಗೆ ಹಾಗೆಯೇ ಇಳಿದಿದ್ದಳು.

ಅವ್ವನಿಗೆ ಮಾತು ಕೊಡಿಸಲೆಂದೇ ದೂರ ಹೋಗಬೇಕು. ಅವ್ವನನ್ನು ಬಿಟ್ಟು ಹೋದರೆ ಅವಳು ಉಳಿಯುವಳೇ?

"ಊರಾಗಿಂದು ಒತ್ರಿ, ಕಾಕಾ."

ಮಕ್ತುಮ್‌ಸಾಬರು ನಿಟ್ಟುಸಿರುಬಿಟ್ಟು ಒತ್ತಿದರು.

ಪರದೆಯ ಮೇಲೆ ಚಕ್ರವೊಂದು ತಿರುಗತೊಡಗಿತು... ಕೊನೆಯ ದಿನ, ಸರ್ವರ್ ಮೇಲೆ ಊರೆಲ್ಲ ಮುಗಿಬಿದ್ದಿತ್ತು.

ಆಗ ಬಾಗಿಲಲ್ಲಿ ನೆರಳು ಬಿತ್ತು.

ಅವ್ವ!

ಕೆದರಿದ ಕೂದಲು, ಧೂಳು ಮೆತ್ತಿದ ಬರಿಗಾಲು. ಹಿಂದೆಯೇ ಮಗ್ಗ ಬಿಟ್ಟು ಓಡಿಬಂದ ಅಪ್ಪ ಏದುಸಿರು ಬಿಡುತ್ತಿದ್ದರು.

ಅವ್ವ ನೆಟ್ಟಗೆ ಮಗಳ ಬಳಿ ಬಂದಳು. ಸೆರಗಿನ ಗಂಟು ಬಿಚ್ಚಿದಳು. ಒಳಗಿದ್ದವು... ಶಾಂಭವಿಯ ಚಪ್ಪಲಿಗಳು.

ಬಗ್ಗಿ ಅವುಗಳನ್ನು ನೆಲಕ್ಕಿಟ್ಟಳು. ಮನೆಯತ್ತ ತಿರುಗಿಸಿ ಅಲ್ಲ... ತುದಿ ಬಸ್ ನಿಲ್ದಾಣದ ಕಡೆಗೆ.

ಅವಳ ತುಟಿ ಅದುರಿತು. ಬರೀ ಉಸಿರು ಬಂತು. ಮತ್ತೆ ಅದುರಿತು.

"ಹೋಗಿ... ಬಾ."

ಶಾಂಭವಿ ಅವ್ವನ ಕಾಲು ತಬ್ಬಿದಳು. ಯಾರು ಉಣ್ಣಿಸುತ್ತಾರೆ ನಿನಗೆ ಎಂದು ಬಿಕ್ಕಿದಳು.

"ಅನ್ನ ಕಲಸೂದು ನನಗೂ ಬರತೈತಿ," ಎಂದರು ಅಪ್ಪ. "ಉಪ್ಪಿನ ಅಳತಿ ನಿಮ್ಮವ್ವಾನಽ ಹೇಳ್ತಾಳ... ಈಗ ಮಾತಾಡ್ತಾಳಲ್ಲ."

ಶಾಂಭವಿ ಬೆಚ್ಚಿ ಪರದೆಯತ್ತ ನೋಡಿದಳು. ತಡವಾಯಿತೇ? ಚಕ್ರ ಇನ್ನೂ ತಿರುಗುತ್ತಿತ್ತು... ತಿರುಗುತ್ತಲೇ ಇತ್ತು...

ಥಟ್ಟನೆ ನಿಂತಿತು.

'ಸರ್ವರ್ ಸ್ಪಂದಿಸುತ್ತಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ.'

ಎರಡೂ ಹೆಸರುಗಳು ಹಾಗೆಯೇ ಇದ್ದವು.

ಮಕ್ತುಮ್‌ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. ಈ ಸಲ ಮೌಸನ್ನು ಅವಳತ್ತ ಸರಿಸಿದರು.

ಶಾಂಭವಿ ಚಪ್ಪಲಿ ಮೆಟ್ಟಿದಳು. ಆಮೇಲೆ ಮೊದಲನೆಯ ಹೆಸರನ್ನು ಒತ್ತಿದಳು.

ಮರಳಿ ಬರುವರೆಂದು ನಂಬಿ ಕಳುಹಿಸಿಕೊಡುವುದೇ ಪ್ರೀತಿಯ ಅತಿ ದೊಡ್ಡ ಧೈರ್ಯ.

ಇಂದು ಬೆಳಿಗ್ಗೆ ನಿಮ್ಮ ಹೊಸ್ತಿಲು ದಾಟಿ ಹೋದವರಿಗೆ... ನೀವು ಯಾವ ಮಾತು ಹೇಳಿ ಕಳುಹಿಸಿದಿರಿ?