ಅಪ್ಪನ ಪಾಲಿನ ಮೀಸೆ

ಹುಕ್ರಪ್ಪ ನಾಲ್ಕನೆಯ ಸಲ ನೇತ್ರಾವತಿಯಿಂದ ತಲೆ ಎತ್ತಿದಾಗಲೂ ಮುಖಕ್ಕೆ ಕಟ್ಟಿದ ಮುಳುಗುಗನ್ನಡಿಯೊಳಗೆ ಮೂಗಿನವರೆಗೆ ನೀರು ತುಂಬಿತ್ತು. ಕನ್ನಡಿಯ ರಬ್ಬರ್ ಅಂಚು ಮೂಗಿನ ಕೆಳಗೆ, ಸರಿಯಾಗಿ ಮೀಸೆಯ ಮೇಲೆ ಬಂದು ಕೂರುತ್ತಿತ್ತು. ಕೂದಲಿನ ಸಂದಿಯಿಂದ ನೀರು ಒಳಗೆ ನುಗ್ಗುತ್ತಿತ್ತು. ಹೊಳೆಯ ತಳದಲ್ಲಿ ಪಂಪಿನ ಪೈಪು ಕಳಚಿ ಮೂರು ದಿನವಾಗಿತ್ತು. ನೀರಿಲ್ಲದೆ ಹಂಚಿನ ಕಾರ್ಖಾನೆ ನಿಂತಿತ್ತು. ಕೆಲಸವಿಲ್ಲದ ನಲವತ್ತು ಜನ ದಡದಲ್ಲಿ ಕೂತು ಅವನ ಮುಖವನ್ನೇ ನೋಡುತ್ತಿದ್ದರು.

"ಮೀಸೆ ತೆಗೆದುಬಿಡಯ್ಯಾ, ಎಲ್ಲ ಸರಿಹೋಗುತ್ತೆ," ಎಂದರು ಮೆನೇಜರು. ಘಟ್ಟದ ಮೇಲಿನವರು, ಜಿಲ್ಲೆ ಮೈಸೂರಿಗೆ ಸೇರಿದ ಮೇಲೆ ಇಳಿದು ಬಂದವರು. ಆ ಕನ್ನಡಿಯನ್ನು ಬೊಂಬಾಯಿಯಿಂದ ತರಿಸಿದವರೂ ಅವರೇ.

"ಅದಾಗ್ಲಿಕ್ಕಿಲ್ಲ ಧಣಿ. ನನ್ನ ಅಪ್ಪ ಇದ್ದಾರೆ."

"ಇರಲಿ, ಯಾರು ಬೇಡ ಅಂದ್ರು? ಮೀಸೆ ನಿಂದೋ, ನಿಮ್ಮಪ್ಪಂದೋ?"

"ಅಪ್ಪಂದೇ."

ನಲವತ್ತು ಜನರಲ್ಲಿ ಯಾರೂ ನಗಲಿಲ್ಲ. ಮೆನೇಜರು ಮಾತ್ರ ನಕ್ಕರು. ಬಂಟ್ವಾಳದ ಹೊಳೆಬದಿಯ ಮೂರು ವರ್ಷದ ಮಗುವಿಗೂ ಗೊತ್ತು, ಗಂಡಸು ಮೀಸೆ ಬೋಳಿಸುವುದು ಬದುಕಿನಲ್ಲಿ ಎರಡೇ ಸಲ: ತಾಯಿ ಸತ್ತಾಗ ಒಮ್ಮೆ, ತಂದೆ ಸತ್ತಾಗ ಒಮ್ಮೆ. ಹುಕ್ರಪ್ಪನ ತಾಯಿ ಹೋಗಿ ಎರಡು ವರ್ಷ. ಆಗ ಒಮ್ಮೆ ಬೋಳಿಸಿ ಆಗಿತ್ತು. ಈಗ ತುಟಿಯ ಮೇಲೆ ಇದ್ದದ್ದು ಅಪ್ಪ ನೋಣಯ್ಯನ ಪಾಲಿನದು. ಆ ಅಪ್ಪನೋ, ಹೊಳೆಯಾಚೆ ಮನೆಯಂಗಳದಲ್ಲಿ ಗಟ್ಟಿಮುಟ್ಟಾಗಿ ಕೂತು ದೋಣಿ ರಿಪೇರಿ ಮಾಡುತ್ತಿದ್ದರು.

"ಬರಿಗಣ್ಣಲ್ಲೇ ಇಳಿಯುತ್ತೇನೆ ಧಣಿ."

"ಬೋಲ್ಟು ಕಾಣಬೇಕಲ್ಲಯ್ಯಾ! ಆಗಲ್ಲ ಅಂದ್ರೆ ಹೇಳು, ಮಂಗಳೂರಿಂದ ಬೇರೆಯವನನ್ನ ಕರೆಸ್ತೀನಿ. ಅಲ್ಲೀವರೆಗೂ ಇವರೆಲ್ಲ ನಿನ್ನ ಮೀಸೆ ಕಾಯ್ತಾ ಕೂತಿರಲಿ."

ಇಂಥ ಮಾತಾಡಲಿಕ್ಕೆ ನಾಲಿಗೆಯಾದರೂ ಹೇಗೆ ಹೊರಳುತ್ತದೋ! ಹುಕ್ರಪ್ಪ ದಡದ ಕಡೆ ನೋಡಿದ. ಒಬ್ಬರೂ ಬೇಡ ಎನ್ನಲಿಲ್ಲ. ಕೆಲವರು ತಲೆ ತಗ್ಗಿಸಿದರು. ಮೆನೇಜರು ಬ್ಲೇಡು ತರಿಸಿದರು. ಸೊಂಟದಲ್ಲಿ ಒದ್ದೆ ಬೈರಾಸು, ಸುತ್ತ ಹೊಳೆಯ ನೀರು, ಹಲ್ಲು ಕಚ್ಚಿಕೊಂಡು ತಾನೇ ಕೆರೆದುಕೊಂಡ.

ಐದನೆಯ ಸಲ ಕನ್ನಡಿ ಮುಖಕ್ಕೆ ಕಚ್ಚಿ ಕೂತಿತು. ಒಂದು ಹನಿಯೂ ಒಳಗೆ ಬರಲಿಲ್ಲ. ಮುಳುಗಿ, ಎದ್ದು, ಮುಳುಗಿ, ಗಂಟೆಯೊಳಗೆ ಬೋಲ್ಟು ಬಿಗಿದ. "ನೋಡಿದ್ಯಾ? ಸುಮ್ಮನೆ ಹಟ ಮಾಡ್ತಿದ್ದೆ. ನಾಳೆ ಇನ್ನೊಂದು ಪೈಪಿದೆ, ಕನ್ನಡಿ ನಿನ್ನ ಹತ್ರಾನೇ ಇರಲಿ," ಎಂದರು ಮೆನೇಜರು. ಹುಕ್ರಪ್ಪ ತುಟಿಗೆ ಕೈ ಅಡ್ಡ ಹಿಡಿದು ದೋಣಿ ಹತ್ತುವ ಕಡವಿಗೆ ನಡೆದ.

ದೋಣಿ ದಾಟಿಸುವ ಮೂಸಾ ಅವನನ್ನು ಹತ್ತಿಸಿಕೊಂಡವನೇ ಮುಂಡಾಸು ತೆಗೆದ. "ಯಾವಾಗ ಆದದ್ದು ಮಾರಾಯ? ನನಗೊಂದು ಮಾತು ಹೇಳ್ಬಾರ್ದಾ? ಆಗ ಹೊಳೆ ನಡುವಿಂದ ನೋಡಿದೆ, ನೀನು ಮೀಸೆ ತೆಗೆದು ಮುಳುಗ್ತಾ ಇದ್ದಿ. ನೋಣಯ್ಯಣ್ಣನಂಥ ಮನುಷ್ಯ!"

"ಅಪ್ಪ ಇದ್ದಾರೆ ಮಾರಾಯ! ಯಾರಿಗೆಲ್ಲ ಹೇಳಿದಿ?"

ಮೂಸಾನ ಹುಟ್ಟು ನೀರಿನಲ್ಲೇ ನಿಂತಿತು. "ದೋಣಿಯಲ್ಲಿದ್ದವರಿಗೆ ಮಾತ್ರ," ಎಂದ ಸಣ್ಣ ದನಿಯಲ್ಲಿ. "ನಿಮ್ಮ ನೆರೆಮನೆ ಕುಶಾಲಪ್ಪಣ್ಣನೂ ಇದ್ರು."

ದೋಣಿ ಆಚೆ ದಡ ಮುಟ್ಟಿದ್ದೇ ಹುಕ್ರಪ್ಪ ಮನೆಗೆ ಓಡಿದ. ಅಂಗಳದಲ್ಲಿ ಕುಶಾಲಪ್ಪ ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು, ಕಳ್ಳನ ಹಾಗೆ ನಿಂತಿದ್ದ. ಮಗುಚಿದ ದೋಣಿಯ ಪಕ್ಕ ನೋಣಯ್ಯ ಬಿಳಿ ಮೀಸೆ ಕುಣಿಯುವಷ್ಟು ಸಿಟ್ಟಿನಲ್ಲಿದ್ದರು. "ನಾನು ಬಗ್ಗಿ ಕೆಲಸ ಮಾಡ್ತಾ ಇದ್ದೇನೆ, ಇವ ಹಿಂದಿನಿಂದ ಬಂದು ಕೇಳ್ತಾನೆ, ನೋಣಯ್ಯಣ್ಣನ ಚಿತೆಗೆ ಯಾವ ಮಾವಿನಮರ ಕಡಿಯುವ ಅಂತ! ನನ್ನ ಹತ್ತಿರವೇ!" ಎಂದವರು ಮಗನ ಮುಖ ನೋಡಿ ಮಾತು ನಿಲ್ಲಿಸಿದರು.

"ನಾನು ಸತ್ತಿದ್ದೇನಾ?"

"ಇಲ್ಲ ಅಪ್ಪ."

"ಮತ್ತೆ ಇದೆಂಥದು?"

ಹುಕ್ರಪ್ಪ ಕನ್ನಡಿಯನ್ನು ಮುಂದೆ ಚಾಚಿದ. ಪೈಪು, ನಲವತ್ತು ಜನ, ಮೆನೇಜರ ಮಾತು, ಎಲ್ಲ ಹೇಳಿದ. "ಮೀಸೆಯ ಸಂದಿಯಿಂದ ನೀರು ಬರ್ತದೆ ಅಪ್ಪ. ಬೇರೆ ದಾರಿ ಇರಲಿಲ್ಲ."

ನೋಣಯ್ಯ ಕನ್ನಡಿ ಕಿತ್ತುಕೊಂಡರು. ದೋಣಿಯ ಹಲಗೆಗಳ ನಡುವೆ ಒತ್ತಲು ಜೇನುಮೇಣ, ತೆಂಗಿನೆಣ್ಣೆ ಕಾಯಿಸಿ ಗೆರಟೆಯಲ್ಲಿ ಆರಿಸಿಟ್ಟಿದ್ದರು. ಅದರಲ್ಲಿ ಎರಡು ಬೆರಳು ಅದ್ದಿ ತಮ್ಮ ಮೀಸೆಗೆ ದಪ್ಪಗೆ ಮೆತ್ತಿಕೊಂಡರು. ಕನ್ನಡಿ ಕಟ್ಟಿಕೊಂಡು, ದನಕ್ಕೆ ನೀರಿಡುವ ಕಲ್ಲಿನ ಮರಿಗೆಯಲ್ಲಿ ಕುತ್ತಿಗೆ ತನಕ ತಲೆ ಮುಳುಗಿಸಿದರು.

"ಅಯ್ಯೋ, ಎಂಥ ಮಾಡ್ತೀರಿ ಅಣ್ಣ!" ಎಂದು ಕುಶಾಲಪ್ಪ ಕೊಡಲಿ ಬಿಟ್ಟು ಓಡಿ ಬಂದ.

ನೋಣಯ್ಯ ತಲೆ ಎತ್ತಿದರು. ಗದ್ದದಿಂದ ನೀರು ಸುರಿಯುತ್ತಿತ್ತು, ಕನ್ನಡಿಯ ಒಳಗೆ ಮಾತ್ರ ಬಟ್ಟೆಯಲ್ಲಿ ಒರಸಿದಷ್ಟು ಒಣಗಿತ್ತು. ಅದರ ಹಿಂದಿನಿಂದ ಎರಡು ಕಣ್ಣು ಮಗನ ಬೋಳು ತುಟಿಯನ್ನು ಸುಡುವಂತೆ ನೋಡಿದವು.

"ಅವ ಘಟ್ಟದ ಮೇಲಿನವ, ಅವನಿಗೆ ಗೊತ್ತಿಲ್ಲ, ಬಿಡು. ದೋಣಿಯವನ ಮಗ ನೀನು, ಸಂದಿ ಮುಚ್ಚುವುದು ಹೇಗೆ ಅಂತ ಮನೆಗೆ ಬಂದು ಒಂದು ಮಾತು ಕೇಳಿದಿಯಾ?" ಮೂಗು ಮುಚ್ಚಿದ ದನಿ ಅಂಗಳ ತುಂಬ ಗುಂಯ್‌ಗುಟ್ಟಿತು. "ಈಗ ಆ ಮೀಸೆ ಪುನಃ ಬೆಳೆದು ಬರುವ ತನಕ ನನಗೆ ಸಾಯ್ಲಿಕ್ಕೂ ಇಲ್ಲ!"